ಮುದ್ದೆ ನುಂಗೋಕೆ ಹಲ್ಲು ಬೇಕಾ?

ಖಡಕ್ ರೊಟ್ಟಿಯನ್ನು ಕಚ್ಚಿದ್ದೇ ತಡ, ರೊಟ್ಟಿ ಮುರಿಯಲಿಲ್ಲ, ನನ್ನ ಮೇಲಿನ ಹಲ್ಲು ಸೆಟ್ಟೇ ಕಳಚಿ ತಟ್ಟೆಗೆ ಬಿತ್ತು. ಎದುರಿಗಿದ್ದವಳು ಶಾಂತವ್ವ. ಪೀಣ್ಯದ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ಬಾಗಲಕೋಟೆ ಕಡೆಯವಳು. ಊರಿಂದ ತಂದ ರೊಟ್ಟಿ, ಶೇಂಗಾ ಚಟ್ನಿ ಕೊಡಲು ಬಂದಿದ್ದಳು. ಅವಳು ನಗಲಿಲ್ಲ. “ಅಮ್ಮಾರ, ಇದು ಸಡ್ಲ ಆಗಿ ಭಾಳ ದಿನ ಆಗೇತೇನ್ರಿ?” ಅಂದಳು.

ಆಗಿತ್ತು. ವಸಡಲ್ಲಿ ಹುಣ್ಣಾಗಿತ್ತು, ಮಾತಾಡುವಾಗ ಸೆಟ್ಟು ಬೀಳದ ಹಾಗೆ ನಾಲಿಗೆಯಲ್ಲಿ ಒತ್ತಿ ಹಿಡಿಯುತ್ತಿದ್ದೆ. ಆದರೂ ಮನೆಯವರಿಗೆ ಗೊತ್ತಾಗಲಿಲ್ಲ. ನಮ್ಮಲ್ಲಿ ಎರಡು ಹೊತ್ತೂ ರಾಗಿ ಮುದ್ದೆ. ಮುದ್ದೆಯನ್ನು ಯಾರು ಅಗಿಯುತ್ತಾರೆ? ಸಾರಲ್ಲಿ ಅದ್ದಿ ನುಂಗಿದರೆ ಆಯಿತು.

ಸಂಜೆ ಮಗನಿಗೆ, ಹೊಸ ಸೆಟ್ಟು ಹಾಕಿಸಬೇಕು ಕಣೋ ಅಂದೆ. “ಈ ವಯಸ್ಸಲ್ಲಿ ಯಾಕಮ್ಮಾ? ಮುದ್ದೆ ನುಂಗೋಕೆ ಹಲ್ಲು ಬೇಕಾ?” ಅಂದ. ಸಿಟ್ಟು ನೆತ್ತಿಗೇರಿತು. ಮಾರನೇ ದಿನ ಒಬ್ಬಳೇ ಆಟೋ ಹತ್ತಿದೆ. ಡಾಕ್ಟರಮ್ಮ ಹಳೇ ಸೆಟ್ಟನ್ನು ತಿರುಗಿಸಿ ನೋಡಿ, ಹಲ್ಲು ಸವೆದಿದೆ, ದವಡೆಯ ಮೂಳೆಯೂ ಕುಗ್ಗಿದೆ, ಅಲ್ಲಾಡೋಕೆ ಶುರುವಾದಾಗಲೇ ಬರಬಾರದಿತ್ತಾ ಎಂದು ಗದರಿದರು. ಹೊಸದಕ್ಕೆ ಅಲ್ಲೇ ಅಳತೆ ಕೊಟ್ಟು ಬಂದೆ.

ಈಗ ಹೊಸ ಸೆಟ್ಟು ಬಾಯಿಗೆ ಚೆನ್ನಾಗಿ ಒಗ್ಗಿದೆ. ಮೊನ್ನೆ ಮಗನ ಪಕ್ಕದಲ್ಲೇ ಕೂತು ಶಾಂತವ್ವನ ರೊಟ್ಟಿಯನ್ನು ಕಟಕಟ ಅಂತ ಕಡಿದು ತಿಂದೆ. ಸದ್ದು ತಡೆಯಲಾರದೆ ಅವನು ಟಿವಿ ವಾಲ್ಯೂಮ್ ಜಾಸ್ತಿ ಮಾಡಿದ. ನಾನು ಇನ್ನೊಂದು ರೊಟ್ಟಿ ತೆಗೆದುಕೊಂಡೆ.