ಸದ್ದಿಲ್ಲದ ಕರೆಗಂಟೆ

ಅವಳು ನನ್ನ ವಿದ್ಯಾರ್ಥಿನಿಯಾಗಿದ್ದಾಗ ಗೆಳತಿಯರು ಇಟ್ಟಿದ್ದ ಹೆಸರು ‘ಯಾಕಮ್ಮ’. ಕಿಟಕಿಯ ಚಿಲಕ ಅಷ್ಟೆತ್ತರದಲ್ಲಿ ಯಾಕೆ, ಬೆಂಚಿನ ಅಂಚು ಇಷ್ಟು ಚೂಪು ಯಾಕೆ? ಪಾಠ ಮುಗಿದರೂ ಅವಳ ಪ್ರಶ್ನೆ ಮುಗಿಯುತ್ತಿರಲಿಲ್ಲ. ಮುಂದೆ ಅದೇ ಅವಳ ವೃತ್ತಿಯಾಯಿತು. ಜನ ಬಳಸುವ ವಸ್ತುಗಳು ಜನಕ್ಕೆ ಒಗ್ಗುತ್ತವೆಯೇ ಎಂದು ಕಣ್ಣಾರೆ ನೋಡಿ, ಒಗ್ಗದಿದ್ದರೆ ಅವಕ್ಕೆ ಬೇರೆ ರೂಪ ಕೊಡುವುದು. ವಿನ್ಯಾಸ ಸಂಶೋಧನೆ ಎಂದು ಅದರ ಹೆಸರು.

ಆಸ್ಪತ್ರೆಯೊಂದರ ವೃದ್ಧರ ವಾರ್ಡಿನಲ್ಲಿ ರೋಗಿಗಳು ಮೇಲಿಂದ ಮೇಲೆ ಬೀಳುತ್ತಿದ್ದರು. ಮಂಚದ ಪಕ್ಕದಲ್ಲೇ ಕರೆಗಂಟೆಯಿದ್ದರೂ ಯಾರನ್ನೂ ಕರೆಯದೆ ಶೌಚಕ್ಕೆ ಎದ್ದು ಹೊರಡುತ್ತಿದ್ದರು. ಇದನ್ನು ಸರಿಪಡಿಸಲು ಆಸ್ಪತ್ರೆಯವರು ಅವಳನ್ನು ಕರೆಸಿದರು. ಗಂಟೆಯ ಗುಂಡಿ ಕಾಣಿಸುವುದಿಲ್ಲವೇನೋ ಎಂದುಕೊಂಡು ಅವಳು ಅಂಗೈಯಗಲದ ಕೆಂಪು ಗುಂಡಿ ಮಾಡಿಸಿದಳು. ಬೀಳುವುದು ನಿಲ್ಲಲಿಲ್ಲ. ಉಸಿರಾಟದ ತೊಂದರೆಗೆಂದು ಅಲ್ಲಿ ಸೇರಿದ್ದ ಅವಳ ಸೋದರಮಾವನೇ ಬಿದ್ದು ಸೊಂಟ ಮುರಿದುಕೊಂಡರು. ಬದುಕೆಲ್ಲ ಬಸ್ಸು ಓಡಿಸಿದ ಜೀವ. ಇನ್ನು ನಡೆಯುವ ಹಾಗಿರಲಿಲ್ಲ. ಯಾರನ್ನೂ ಕರೆಯುವ ಪ್ರಮೇಯವೇ ಬಾರದಿರಲೆಂದು ನೀರು ಕುಡಿಯುವುದನ್ನೂ ಬಿಟ್ಟರು. ಹೀಗಾದರೆ ಮೂತ್ರಪಿಂಡ ಉಳಿಯುವುದಿಲ್ಲವೆಂದರು ವೈದ್ಯರು.

ಅವಳು ಒಂದು ಸ್ಟೂಲು ಎಳೆದುಕೊಂಡು ವಾರ್ಡಿನ ಮೂಲೆಯಲ್ಲಿ ಕುಳಿತಳು.

“ಏನಮ್ಮಾ, ಕೂತಲ್ಲೇ ಸಂಬಳಾನಾ? ನಮಗೂ ಕೊಡಿಸು ಇಂಥ ಕೆಲಸ,” ಎಂದರು ಹಿರಿಯ ಸಿಸ್ಟರ್.

“ಬನ್ನಿ ಸಿಸ್ಟರ್. ಆದ್ರೆ ಬಾಯಿ ಮುಚ್ಕೊಂಡು ಕೂರಬೇಕು, ನಿಮ್ಮ ಕೈಲಿ ಆಗುತ್ತಾ?”

ಅಷ್ಟರಲ್ಲಿ ಯಾರೋ ಗಂಟೆ ಒತ್ತಿದರು. ವಾರ್ಡಿಗೆಲ್ಲ ಕೇಳುವಂತೆ ಅದು ಕಿರುಚಿತು. ಮಂಚದ ಮೇಲೆ ಕೆಂಪು ದೀಪ ಹೊತ್ತಿತು. ನಿದ್ದೆ ಹೋದವರು ಬೆಚ್ಚಿ ಎದ್ದು, “ಮತ್ತೆ ಅವನೇ!” ಎಂದು ಗೊಣಗಿದರು. ಒತ್ತಿದ ಮುದುಕ ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಂಡ. ಮರುದಿನ ಹಾಸಿಗೆಯ ಬಟ್ಟೆ ಬದಲಿಸುವಾಗ ನೋಡಿದರೆ ಮಂಚಮಂಚದಲ್ಲೂ ಗುಂಡಿ ಹಾಸಿಗೆಯ ಅಡಿ ಸೇರಿತ್ತು.

“ಮಾವ, ಇದನ್ನ ಯಾಕೆ ಬಚ್ಚಿಟ್ಟೆ?”

“ಅಪ್ಪಿತಪ್ಪಿ ಕೈ ತಾಗಿದ್ರೂ ವಾರ್ಡೇ ಎದ್ದು ಕೂರುತ್ತೆ ಕಣೇ. ನನ್ನ ಒಂದಕ್ಕೆ ಊರಿಗೆಲ್ಲಾ ಡಂಗುರ ಹೊಡೀಬೇಕಾ?”

“ಬಿದ್ರೂ ಪರವಾಗಿಲ್ವಾ?”

“ಬಿದ್ದೋರನ್ನ ಜನ ಅಯ್ಯೋ ಪಾಪ ಅಂತಾರೆ. ಕರೆದೋರನ್ನ ಥೂ ಅಂತಾರೆ.”

ಅವರು ಯಾವುದಕ್ಕೆ ನಾಚುತ್ತಿದ್ದರೋ ಅದನ್ನೇ ಅವಳು ಇನ್ನಷ್ಟು ದೊಡ್ಡದು ಮಾಡಿದ್ದಳು.

ಹೊಸ ಗಂಟೆಗೆ ಮಂಚದ ಬಳಿ ಸದ್ದೂ ಇಲ್ಲ, ದೀಪವೂ ಇಲ್ಲ. ಒತ್ತಿದರೆ ಸಿಸ್ಟರ್ ಬಳಿಯ ಪುಟ್ಟ ಪೆಟ್ಟಿಗೆ ಮೆಲ್ಲಗೆ ನಡುಗಿ ಮಂಚದ ಸಂಖ್ಯೆ ತೋರಿಸುತ್ತದೆ. ರೋಗಿಗಳ ಕೈಗೇ ಕೊಟ್ಟು ನೋಡಿ, ಮತ್ತೆ ಮತ್ತೆ ತಿದ್ದಿದಳು. ಪೆಟ್ಟಿಗೆಯನ್ನು ಸಿಸ್ಟರ್ ಕೊರಳಿಗೆ ಹಾಕಲು ಹೋದಾಗ, “ನಾನೇನು ಹಸುವೇನೇ? ಸೊಂಟಕ್ಕೆ ಸಿಕ್ಕಿಸು,” ಎಂದು ಗದರಿದವರೂ ಆ ಸಿಸ್ಟರೇ.

ಭೇಟಿಯ ಹೊತ್ತು. ವಾರ್ಡಿನ ತುಂಬ ನೆಂಟರು. ಮಾವ ಅತ್ತಿತ್ತ ನೋಡಿ ಗುಂಡಿ ಒತ್ತಿದರು. ಏನೂ ಕೇಳಿಸಲಿಲ್ಲ.

“ಕೆಟ್ಟಿದೆ ಕಣೇ ಇದು...”

ಮಾತು ಮುಗಿಯುವುದರೊಳಗೆ ಸಿಸ್ಟರ್ ಬಂದು ಮಂಚದ ಸುತ್ತ ಪರದೆ ಎಳೆದರು. ಒಬ್ಬರೂ ತಿರುಗಿ ನೋಡಲಿಲ್ಲ. ಅವಳು ಪರದೆಯಾಚೆ ಕೈಕಟ್ಟಿ ನಿಂತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದ ಮಾವನ ದನಿ ಕೇಳಿಸಿತು:

“ಸಿಸ್ಟರ್, ಕುಡಿಯೋಕೆ ಒಂದು ಲೋಟ ನೀರು ಕೊಡ್ತೀರಾ?”