ಪ್ರತಿ: ಸೂಚನಾ ಫಲಕಕ್ಕೆ

ವಿಮಲಾ ಆಂಟಿಯವರು ಸಭೆಯನ್ನು ಲಟ್ಟಣಿಗೆಯಿಂದ ಮೇಜಿಗೆ ಮೂರು ಬಾರಿ ಕುಟ್ಟಿ ಆರಂಭಿಸುತ್ತಿದ್ದರು. ನಿಯಮದಂತೆ ಬೇಕಿದ್ದ ಮರದ ಸುತ್ತಿಗೆ ಕೊನೆಯವರೆಗೂ ಬರಲಿಲ್ಲವೆಂಬುದನ್ನು ಈ ಮೂಲಕ ತಿಳಿಯಪಡಿಸುತ್ತೇನೆ.

ಎರಡು ಸಾವಿರದ ಒಂದು-ಎರಡರ ಸುಮಾರಿಗೆ, ವಡೋದರಾ ಬಳಿಯ ಕೊಯಾಲಿಯ ತೈಲ ಶುದ್ಧೀಕರಣಾಗಾರದ ಟೌನ್‌ಶಿಪ್‌ನಲ್ಲಿ ನಮ್ಮದೊಂದು ಬಾಲಕಿಯರ ಭಗಿನೀ ಸಂಘವಿತ್ತು. ಬಿಳಿ ಉಡುಪು, ನೀಲಿ ಪಟ್ಟಿ, ಒಬ್ಬರನ್ನೊಬ್ಬರು 'ಸಿಸ್ಟರ್' ಎನ್ನುವ ಪದ್ಧತಿ, ಬಾಗಿಲಲ್ಲಿ ಹೇಳಬೇಕಾದ ಗುಟ್ಟಿನ ಮಾತು, ಇಲ್ಲದವರಿಗೆ ಸದ್ದಿಲ್ಲದೆ ನೆರವು. ಧಾರವಾಡದ ಕಡೆಯವರಾದ ಆಂಟಿ ಅದರ ಮಾರ್ಗದರ್ಶಿ. ಹದಿನಾಲ್ಕರ ನಾನು ಕಾರ್ಯದರ್ಶಿ.

ಒಮ್ಮೆ ಆಂಟಿಯನ್ನೇ ದ್ವಾರಪಾಲಕಿ ಹೇತಲ್ ಹೊರಗೆ ನಿಲ್ಲಿಸಿದಳು.

"ಪಾಸ್‌ವರ್ಡ್ ಬೋಲೋ, ಆಂಟಿ. ರೂಲ್ ಈಸ್ ರೂಲ್!"

"ಏನs ಸೆಕ್ರೆಟರಿ, ನೀನರ ಹೇಳs ಇಕಿಗೆ! ನಾನs ಇಟ್ಟ ಗುಟ್ಟು ನನಗs ಮರತೈತಿ."

ಎಲ್ಲರೂ ನಕ್ಕರು. ಹೇತಲ್ ಮಾತ್ರ ನಗದೆ, ಆಂಟಿಯ ಕಿವಿಯಲ್ಲಿ ಉಸುರಿ, ಮತ್ತೆ ಅವರ ಬಾಯಿಂದಲೇ ಹೇಳಿಸಿ ಒಳಗೆ ಬಿಟ್ಟಳು. ಅವಳಿಗೆ ಆ ಹುದ್ದೆ ಅಷ್ಟು ದೊಡ್ಡದಾಗಿತ್ತು.

ಆ ವರ್ಷ ಅವಳ ತಂದೆಯ ಗುತ್ತಿಗೆ ಕೆಲಸ ನಿಂತಿತು. ಬಿಳಿ ಉಡುಪು ಗಿಡ್ಡವಾಗಿದೆಯೆಂಬ ನೆಪ ಹೇಳಿ ಅವಳು ಸಂಘ ಬಿಡಲು ಹೊರಟಳು. ಆಂಟಿ ನನ್ನನ್ನು ಪಕ್ಕಕ್ಕೆ ಕರೆದರು. "ಅಕಿಗೊಂದು ಹೊಸಾ ಡ್ರೆಸ್ ಹೊಲೀಲಿಕ್ಕೆ ದರ್ಜಿಗೆ ಎರಡs ಸಾಲು ಬರಿ. ಯಾರಿಗೂ ಹೇಳಬ್ಯಾಡ. ಕೊಟ್ಟದ್ದು ಬಾಯಿಂದ ಹೊರಗ ಬಂದ್ರ ಅದು ದಾನ ಅಲ್ಲ, ಡಂಗುರ."

ನಾನು ಎರಡು ಸಾಲು ಬರೆಯಲಿಲ್ಲ. ತಂದೆಯವರ ಕಚೇರಿ ಪತ್ರಗಳ ಮಾದರಿಯಲ್ಲಿ ಇಂಗ್ಲಿಷಿನಲ್ಲಿ ಪೂರ್ಣ ಪತ್ರ ಸಿದ್ಧಪಡಿಸಿದೆ. ವಿಷಯ: ಬಡ ಸದಸ್ಯೆ ಕುಮಾರಿ ಹೇತಲ್‌ಗೆ ಉಡುಪಿನ ನೆರವು. ಪ್ರತಿಗಳಿಲ್ಲದ ಪತ್ರ ಅಧಿಕೃತವಲ್ಲವೆಂದು ಭಾವಿಸಿ, ಕೆಳಗೆ 'ಪ್ರತಿ: ಸೂಚನಾ ಫಲಕಕ್ಕೆ' ಎಂದು ನಮೂದಿಸಿದೆ. ನಮೂದಿಸಿದ ಮೇಲೆ ಪಾಲಿಸಬೇಕಲ್ಲವೇ? ಟೌನ್‌ಶಿಪ್ ಕ್ಲಬ್ಬಿನ ಫಲಕಕ್ಕೆ ನಾನೇ ಪಿನ್ನು ಚುಚ್ಚಿದೆ.

ಮುಂದಿನ ಸಭೆಗೆ ಹೇತಲ್ ಬರಲಿಲ್ಲ. ಅವಳ ತಾಯಿ ಬಂದು, ಹೊಸ ಉಡುಪಿನ ಪೊಟ್ಟಣವನ್ನು ಮೇಜಿನ ಮೇಲಿಟ್ಟರು. "ಬೆಹನ್, ಹಮ್ ಮಾಂಗ್ನೇ ನಹೀ ಆಯೇ ಥೇ. ಕಿಸ್ನೇ ಲಗಾಯಾ ಕಾಗಜ್?" ನಾವು ಬೇಡಲು ಬಂದಿರಲಿಲ್ಲ, ಆ ಕಾಗದ ಹಚ್ಚಿದವರು ಯಾರು, ಎಂದು ಕೇಳಿದರು.

ಹಚ್ಚಿದವಳು ಮೂರು ಅಡಿ ದೂರದಲ್ಲಿ ನಡಾವಳಿ ಪುಸ್ತಕ ಹಿಡಿದು ನಿಂತಿದ್ದಳು. ಆಂಟಿ ನನ್ನತ್ತ ಒಮ್ಮೆ ನೋಡಿದರು. ನಾನು ಪುಸ್ತಕದ ಕಡೆ ನೋಡಿದೆ.

"ಮೈನೇ," ಎಂದು ಆಂಟಿ ತಪ್ಪನ್ನು ತಮ್ಮ ಮೇಲೆ ಎಳೆದುಕೊಂಡರು. "ಗಲತೀ ಮೇರೀ ಹೈ."

ಸಂಘದ ಮೇಲ್ವಿಚಾರಣೆ ನೋಡುತ್ತಿದ್ದ ಹಿರಿಯ ಮಹಿಳೆಯರು ಅವರಿಂದ ರಾಜೀನಾಮೆ ಪಡೆದರು. ಅದನ್ನು ಸ್ವೀಕರಿಸಲಾಗಿದೆಯೆಂಬ ಪತ್ರವನ್ನು ಕಾರ್ಯದರ್ಶಿಯಾಗಿ ನಾನೇ ಬರೆದೆ.

ಎರಡು ವರ್ಷಗಳ ನಂತರ, ಪತಿಯ ವರ್ಗಾವಣೆಯಿಂದ ಸೂರತ್‌ನಲ್ಲಿದ್ದ ಆಂಟಿಯನ್ನು ಕಾಣಲು ಹೋದೆ. "ಆಂಟಿ, ಆ ಪತ್ರದ ಬಗ್ಗೆ..." ಎಂದು ಆರಂಭಿಸಿದೆ.

ಅವರು ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು. "ನನಗ್ಯಾಕ ಹೇಳತಿ? ಹೇತಲ್ ಇಲ್ಲೇ ಕತಾರ್‌ಗಾಮ್‌ನ್ಯಾಗ ಸೋದರಮಾವನ ಮನ್ಯಾಗ ಅದಾಳ. ಆಗಾಗ ಬರ್ತಾಳ. ಉಂಡು ಹೋಗಿ ಅಕಿಗೆ ಹೇಳು."

ರೈಲಿಗೆ ಹೊತ್ತಾಯಿತೆಂದೆ. ಅವರು ಗಡಿಯಾರ ನೋಡಿದರು. ಇನ್ನೂ ಮೂರು ಗಂಟೆಗಳಿದ್ದವು. ರೊಟ್ಟಿ ಕಟ್ಟಿಕೊಟ್ಟರು.

ಮರುವರ್ಷ ಆಂಟಿ ಹೃದಯಾಘಾತದಿಂದ ತೀರಿಕೊಂಡ ಸುದ್ದಿಯನ್ನು ನನಗೆ ಫೋನಿನಲ್ಲಿ ತಿಳಿಸಿದವಳು ಹೇತಲ್. ಅಳುತ್ತಲೇ ಮಾತಾಡಿದಳು.

"ಉನ್ಹೋನೇ ವೋ ಕಾಗಜ್ ಲಗಾಯಾ ಥಾ ನಾ," ಎಂದಳು, "ಮೈನೇ ಕಬ್ ಕಾ ಮಾಫ್ ಕರ್ ದಿಯಾ ಥಾ." ಆ ಕಾಗದ ಹಚ್ಚಿದ್ದಕ್ಕೆ ಆಂಟಿಯನ್ನು ಅವಳು ಎಂದೋ ಕ್ಷಮಿಸಿದ್ದಳಂತೆ.

ಆಗಲಾದರೂ ಹೇಳಬಹುದಿತ್ತು. ಮಾಹಿತಿ ನೀಡಿದ್ದಕ್ಕೆ ಧನ್ಯವಾದವೆಂದು ಹೇಳಿ ಫೋನ್ ಇಟ್ಟೆ.