ಬೆಂಚಿನ ಮೊಳೆ

ಮೊಳೆಗೆ ಸಿಕ್ಕ ಜೇಬು ಒಂದು ಕಡೆ ಹರಿಯುತ್ತದೆ. ಕೈ ಹಾಕಿ ಎಳೆದ ಜೇಬು ಎರಡೂ ಮೂಲೆಯಿಂದ ಕಿತ್ತು ಬರುತ್ತದೆ. ಬಟ್ಟೆ ತೊಡುವವರಿಗೆಲ್ಲ ಇದು ಗೊತ್ತಿರಬೇಕು. ಟೈಲರಕ್ಕನಿಗಂತೂ ಇಪ್ಪತ್ತು ವರ್ಷದಿಂದ ಗೊತ್ತು.

ಅವಳು ಸಿನಿಮಾದವರಿಗೆ ಬಟ್ಟೆ ಹೊಲಿಯುವವಳು. ಈ ಸಲದ್ದು ಶಾಲೆಯ ಕಥೆ: ಏಳನೇ ಕ್ಲಾಸಿನ ಹುಡುಗಿಯರ ಗುಂಪೊಂದು ತಮ್ಮಲ್ಲೇ ಒಬ್ಬಳನ್ನು ದಿನಾ ಗೋಳು ಹುಯ್ದುಕೊಳ್ಳುವುದು. ಅವಳ ಜೇಬು ಕಿತ್ತು, ಮೇಲೆ ಶಾಯಿ ಎರಚುವ ದೃಶ್ಯ. ಪ್ರತಿ ಸಲ ಶಾಟ್ ತೆಗೆದಾಗಲೂ ಶಾಯಿ ಮೆತ್ತುವುದರಿಂದ ಒಂದೇ ಥರ ಹರಿದ ಆರು ಶರ್ಟು ಬೇಕಿತ್ತು. ಕತ್ತರಿಯಿಂದ ಹರಿದುಕೊಟ್ಟ ಮೊದಲನೆಯದನ್ನು ನೋಡಿ ನಿರ್ದೇಶಕ ಮೂಗು ಮುರಿದ.

“ಏನಕ್ಕಾ ಇದು, ಇಲಿ ಕಡಿದ ಹಾಗಿದೆ! ಹುಡುಗೀರು ಹಿಡಿದು ಎಳೆದಿರಬೇಕು.”

ಅವಳು ಇನ್ನೊಂದನ್ನು ತೆಗೆದುಕೊಂಡು, ಜೇಬಿಗೆ ನಾಲ್ಕು ಬೆರಳು ತೂರಿಸಿ ಕೆಳಕ್ಕೆ ಜಗ್ಗಿದಳು. ಎರಡೂ ಮೂಲೆ ಕಿತ್ತು, ಬಲಗಡೆ ಎದೆಯ ಬಟ್ಟೆಯ ಚೂರೊಂದು ಜೊತೆಗೇ ಬಂತು.

“ಹಾಂ, ಇದು! ಎಲ್ಲಿ ಕಲಿತ್ರಿ?”

ಎಲ್ಲಿ ಅಂದರೆ, ಮನೆಯಲ್ಲಿ. ಶಾಲೆ ತೆರೆದಾಗಿನಿಂದ ಮಗಳ ಶರ್ಟುಗಳಲ್ಲಿ ಇದೇ ಹರಕನ್ನು ಎಷ್ಟು ಸಲ ಹೊಲಿದಿದ್ದಳೋ. “ಬೆಂಚಿನ ಮೊಳೆ ಕಣಮ್ಮ” ಎಂದಿದ್ದಳು ಹದಿಮೂರರ ಮಗಳು. ‘ಎಂಥಾ ದರಿದ್ರ ಬೆಂಚೋ’ ಎಂದು ಬೈದು ಸೂಜಿಗೆ ದಾರ ಪೋಣಿಸಿದ್ದಳು. ಕೈಗೆ ಗೊತ್ತಿತ್ತು. ಬಾಯಿ ಕೇಳಲಿಲ್ಲ.

ಟೈಲರಕ್ಕ ಸಿನಿಮಾದ ಉಳಿದ ಶರ್ಟುಗಳನ್ನೂ ಒಂದೊಂದಾಗಿ ಜಗ್ಗಿ, ಮಡಿಸಿಟ್ಟು, ಮನೆಗೆ ಹೋದಳು.

“ಎಷ್ಟು ಜನ?” ಎಂದು ಮಗಳನ್ನು ಕೇಳಿದಳು.

ಮಗಳು ಗೋಡೆ ನೋಡಿದಳು. “ಐದು. ‘ನಿಮ್ಮಮ್ಮ ಟೈಲರ್ ತಾನೆ, ಹೊಲೀತಾಳೆ ಬಿಡೇ’ ಅಂತಾರೆ.”

ಮರುದಿನ ಶಾಲೆಯಲ್ಲಿ, ಅವಳು ತಂದುಕೊಟ್ಟ ಮಗಳ ಶರ್ಟನ್ನು ಹೆಡ್‌ಮಿಸ್ ಕಿಟಕಿಯ ಬೆಳಕಿಗೆ ಹಿಡಿದರು. “ಹೊಸದರ ಹಾಗಿದೆಯಲ್ಲಮ್ಮ! ಎಲ್ಲಿ ಹರಿದಿದೆ? ಈ ವಯಸ್ಸಿನವರು ಬೆಳಿಗ್ಗೆ ಕಿತ್ತಾಡ್ತಾರೆ, ಸಂಜೆ ಹೆಗಲ ಮೇಲೆ ಕೈ ಹಾಕ್ಕೊಂಡು ಹೋಗ್ತಾರೆ. ದೊಡ್ಡದು ಮಾಡಬೇಡಿ.”

ಟೈಲರಕ್ಕ ಚೀಲದಿಂದ ಚಿಕ್ಕ ಕತ್ತರಿ ತೆಗೆದು, ಅವರ ಮೇಜಿನ ಮೇಲೆಯೇ ತನ್ನ ಹೊಲಿಗೆ ಬಿಚ್ಚತೊಡಗಿದಳು. ಜೇಬು ಜೋತುಬಿತ್ತು. ಅದರ ಹಿಂದೆ ತೇಪೆ. ತೇಪೆ ಬಿಚ್ಚಿದರೆ ಅದರಡಿ ಇನ್ನೊಂದು, ಅದರಡಿ ಮತ್ತೊಂದು.

“ಚೀಲದಲ್ಲಿ ಇನ್ನೂ ಎರಡು ಶರ್ಟಿದೆ. ಕೂತ್ಕೊಳ್ಳಿ ಮೇಡಂ” ಎಂದಳು. ಹೆಡ್‌ಮಿಸ್ ಕೂತರು.

ಆ ಸಿನಿಮಾ ಬರುತ್ತದೆ. ನೀವು ನೋಡುತ್ತೀರಿ, ಕಣ್ಣೊರೆಸಿಕೊಳ್ಳುತ್ತೀರಿ, ಅಯ್ಯೋ ಪಾಪ ಅನ್ನುತ್ತೀರಿ. ಆ ಕಣ್ಣೀರು ಯಾರಿಗೂ ಬೇಕಾಗಿಲ್ಲ. ಟೈಲರಕ್ಕನ ಮಗಳ ಜೇಬು ಎಳೆದ ಆ ಐವರಿಗೂ ಮನೆಯಿದೆ, ತಟ್ಟೆಗೆ ಊಟ ಬಡಿಸುವ ಕೈಯಿದೆ. ಇವತ್ತು ನಿಮ್ಮ ಮಗಳನ್ನು ಎದುರಿಗೆ ಕೂರಿಸಿಕೊಂಡು ಕೇಳಿ: ಯಾರ ಬಟ್ಟೆ ಎಳೆದೆ? ಎಳೆದಿಲ್ಲವಾದರೆ, ಪಕ್ಕದಲ್ಲಿ ನಿಂತು ನಕ್ಕೆಯಾ? ಉತ್ತರ ಬರುವವರೆಗೂ ಏಳಬೇಡಿ.